ಬೆಟ್ಟದ ನಡುವಿನ ಕೂಡುನಿಲ್ದಾಣ

ಮನೆಯಲ್ಲಿ ಜಪಾನಿನ ಭೂಪಟವಿದ್ದರೆ ಅದನ್ನೊಮ್ಮೆ ಬಿಡಿಸಿ ನೋಡಿ. ಹೊನ್‌ಶು ಎಂಬ ದೊಡ್ಡ ದ್ವೀಪದ ಪಶ್ಚಿಮ ಭಾಗವು ಚಾಚಿದ ತೋಳಿನಂತೆ ನೀಳವಾಗಿದೆ. ಅದರ ದಕ್ಷಿಣಕ್ಕೆ ಒಳಗಡಲು, ಉತ್ತರಕ್ಕೆ ಜಪಾನ್ ಸಮುದ್ರ, ನಡುವೆ ಬೆನ್ನೆಲುಬಿನ ಹಾಗೆ ಬೆಟ್ಟಸಾಲು. ದಕ್ಷಿಣದ ದಡದಲ್ಲಿ ಹಿರೋಷಿಮಾ ಎಂಬ ಹೆಸರನ್ನು ಹುಡುಕಲು ಯಾರಿಗೂ ಹೊತ್ತು ಹಿಡಿಯದು. ಅಲ್ಲಿಂದ ಬೆರಳನ್ನು ಈಶಾನ್ಯ ದಿಕ್ಕಿಗೆ, ಬೆಟ್ಟಗಳ ಒಳಗೆ, ಮೆಲ್ಲನೆ ಸರಿಸಿಕೊಂಡು ಹೋಗಿ. ರೈಲುದಾರಿಯ ಗೆರೆಯೊಂದು ಹೊಳೆಗಳ ಜೊತೆಗೇ ತಿರುಗುತ್ತ ಏರುತ್ತ ಹೋಗಿ, ಒಂದು ಕಡೆ ಎರಡಾಗಿ ಕವಲೊಡೆಯುತ್ತದೆ. ಕವಲಿನ ಆ ಚುಕ್ಕೆಯೇ ಬಿಂಗೊ-ಒಚಿಯಾಯಿ. ಸಮುದ್ರಮಟ್ಟದಿಂದ 452 ಮೀಟರು ಎತ್ತರದಲ್ಲಿರುವ ಈ ಸ್ಟೇಷನ್ನಿನ ಸುತ್ತ ಊರೆಂಬುದು ಇಲ್ಲವೆಂದೇ ಹೇಳಬೇಕು. ಮರಗಳಿಂದ ತುಂಬಿದ ಬೆಟ್ಟ, ಕೆಳಗೆ ಹೊಳೆ, ಅಲ್ಲೊಂದು ಇಲ್ಲೊಂದು ಮನೆ. ಹೀಗಿದ್ದೂ ಎರಡು ರೈಲುದಾರಿಗಳು ಬಂದು ಇಲ್ಲಿ ಕೈ ಕೈ ಹಿಡಿದಿವೆ.

ಮಕ್ಕಳಿಗೆ ವ್ಯಾಕರಣ ಹೇಳಿ ಹೊಟ್ಟೆ ಹೊರೆಯುವ ನನ್ನಂಥವನಿಗೆ ಯಾವ ಊರಿನ ಮಾತು ಬಂದರೂ ಮೊದಲು ಹೆಸರಿನ ಮೇಲೆ ಕಣ್ಣು. ಒಚಿಯಾಯಿ ಎಂದರೆ ಜಪಾನೀ ಮಾತಿನಲ್ಲಿ ನೀರು ನೀರು ಸೇರುವ ಸ್ಥಳ. ನಮ್ಮವರು ಕೂಡಲಿ ಎನ್ನುವುದಿಲ್ಲವೆ, ಹಾಗೆ. ಆ ಹೆಸರಿನ ಊರುಗಳು ಜಪಾನಿನಲ್ಲಿ ಹಲವಿರುವುದರಿಂದ, ಇದು ಯಾವ ಸೀಮೆಯ ಒಚಿಯಾಯಿ ಎಂದು ತಿಳಿಸಲು ಬಿಂಗೊ ಎಂಬ ಹಳೆಯ ನಾಡಿನ ಹೆಸರನ್ನು ಮುಂದೆ ಸೇರಿಸಿದರು. ಬಿಂಗೊ ಎಂಬುದಕ್ಕೂ ಒಂದು ಕಥೆಯುಂಟು. ಪೂರ್ವದಲ್ಲಿ ಕಿಬಿ ಎಂಬ ದೊಡ್ಡ ನಾಡಿತ್ತು. ಅದನ್ನು ಮೂರು ಪಾಲು ಮಾಡಿದಾಗ ರಾಜಧಾನಿಗೆ ಹತ್ತಿರದ್ದು ಬಿಜೆನ್, ಅಂದರೆ ಮುಂದಣ ಬಿ, ನಡುವಿನದು ಬಿಚ್ಚೂ, ಹಿಂದಿನದು ಬಿಂಗೊ. ಹಿಂದಿನದು ಎಂಬ ಹಣೆಬರಹ ಹೆಸರಿನಲ್ಲೇ ಬಂದುಬಿಟ್ಟಿತು. ಹಿರೋಷಿಮಾದಿಂದ ಈ ಸ್ಟೇಷನ್ನಿನ ಮೂಲಕ ಬಿಚ್ಚೂ-ಕೋಜಿರೋವರೆಗೆ 159 ಕಿಲೋಮೀಟರು ಓಡುವ ಹಾದಿಗೆ ಗೇಬಿ ಎಂದು ಹೆಸರು. ಹಿರೋಷಿಮಾ ಇರುವ ಆಕಿ ಸೀಮೆಗೆ ಗೇಶೂ ಎಂಬ ಇನ್ನೊಂದು ಹೆಸರಿತ್ತು. ಅದರ 'ಗೇ', ಬಿಂಗೊದ 'ಬಿ' ಸೇರಿ ಗೇಬಿ. ನಮ್ಮ ಲೆಕ್ಕದಲ್ಲಿ ಚೊಕ್ಕಟವಾದ ದ್ವಂದ್ವಸಮಾಸ.

ಇನ್ನೊಂದು ಹಾದಿ ಕಿಸುಕಿಯದು. ಉತ್ತರದ ಶಿಂಜಿ ಎಂಬಲ್ಲಿ ಹೊರಟು, ಕಿಸುಕಿ ಎಂಬ ಊರನ್ನು ದಾಟಿ, ಬೆಟ್ಟ ಹತ್ತಿ ಇಳಿದು ಬಿಂಗೊ-ಒಚಿಯಾಯಿಯಲ್ಲಿ ಕೊನೆಗಾಣುವ 81.9 ಕಿಲೋಮೀಟರಿನ ಒಂಟಿದಾರಿ. ಬೆಟ್ಟಸಾಲಿನ ದಕ್ಷಿಣದ ನಾಡನ್ನು ಸಾನ್‌ಯೋ ಎನ್ನುತ್ತಾರೆ, ಎಂದರೆ ಬೆಟ್ಟದ ಬಿಸಿಲ ಮಗ್ಗುಲು. ಉತ್ತರದ ನಾಡು ಸಾನ್‌ಇನ್, ಬೆಟ್ಟದ ನೆರಳ ಮಗ್ಗುಲು. ಬಿಸಿಲಿಗೂ ನೆರಳಿಗೂ ಗಂಟು ಹಾಕಬೇಕೆಂಬುದೇ ಈ ರೈಲುದಾರಿಗಳನ್ನು ಹಾಕಿದವರ ಆಸೆ.

ಆ ಆಸೆ ಕೈಗೂಡಲು ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಹಿಡಿಯಿತು. ಮೊದಲಿಗೆ ಎರಡು ಕಡೆಯಲ್ಲೂ ಖಾಸಗಿ ಕಂಪೆನಿಗಳೇ ಕೆಲಸಕ್ಕೆ ಕೈ ಹಾಕಿದವು. ದಕ್ಷಿಣದಲ್ಲಿ ಗೇಬಿ ರೈಲ್ವೆ ಕಂಪೆನಿಯವರು 1915ರಲ್ಲಿ ಹಿರೋಷಿಮಾ ಕಡೆಯಿಂದ ಗಾಡಿ ಬಿಟ್ಟರು. ಮರುವರ್ಷ, 1916ರಲ್ಲಿ, ಉತ್ತರದಲ್ಲಿ ಶಿಂಜಿಯಿಂದ ಕಿಸುಕಿಯವರೆಗೆ ಹಿನೊಕಾಮಿ ಕಂಪೆನಿಯ ಗಾಡಿ ಓಡಿತು. ಉಳಿದದ್ದು ಬೆಟ್ಟ. ಅದು ಸರ್ಕಾರದ ಪಾಲಿಗೆ ಬಂತು. 1935ನೆಯ ಇಸವಿ ಡಿಸೆಂಬರ್ 20ರಂದು ಪಶ್ಚಿಮದಿಂದ ಬಂದ ಹಳಿ ಬಿಂಗೊ-ಒಚಿಯಾಯಿಯನ್ನು ಮುಟ್ಟಿತು. ಸ್ಟೇಷನ್ನಿನ ಹುಟ್ಟುಹಬ್ಬ ಅದೇ. ಮರುವರ್ಷ ಅಕ್ಟೋಬರಿನಲ್ಲಿ ಪೂರ್ವದ ಹಳಿ ಬಂದು ಕೂಡಿತು. 1937ರ ಡಿಸೆಂಬರ್ 12ರಂದು ಉತ್ತರದ ಕಿಸುಕಿ ದಾರಿಯೂ ಬಂದು ಸೇರಿತು. ಹೀಗೆ ಎರಡೇ ವರ್ಷದೊಳಗೆ ಕಾಡಿನ ನಡುವೆ ಮೂರು ದಿಕ್ಕಿನ ಜಂಕ್ಷನ್ನು ಎದ್ದು ನಿಂತಿತು.

ಅಷ್ಟು ಹಣ ಸುರಿದು ಬೆಟ್ಟದೊಳಕ್ಕೆ ರೈಲು ತರಲು ಅಲ್ಲಿ ಏನಿತ್ತು ಎಂದು ನೀವು ಕೇಳಬಹುದು. ಅಲ್ಲಿದ್ದದ್ದು ಕಬ್ಬಿಣ. ಉತ್ತರದ ಇಳಿಜಾರಿನ ಒಕುಇಜುಮೊ ಸೀಮೆಯ ಹೊಳೆಗಳ ಮರಳಿನಲ್ಲಿ ಕಬ್ಬಿಣದ ಕಪ್ಪು ಹುಡಿ ಬೆರೆತಿದೆ. ಆ ಹುಡಿಯನ್ನೂ ಕಾಡಿನ ಇದ್ದಿಲನ್ನೂ ಮಣ್ಣಿನ ಕುಲುಮೆಯಲ್ಲಿ ಒಂದರ ಮೇಲೊಂದು ಸುರಿಯುತ್ತ, ತಿದಿಯೊತ್ತುತ್ತ, ಮೂರು ಹಗಲು ಮೂರು ರಾತ್ರಿ ಕಣ್ಣು ಮುಚ್ಚದೆ ಕಾಯುತ್ತಿದ್ದರು. ಕೊನೆಗೆ ಕುಲುಮೆಯ ಗೋಡೆಯನ್ನೇ ಒಡೆದು ಉಕ್ಕಿನ ಗಟ್ಟಿಯನ್ನು ಹೊರಗೆ ಎಳೆಯುವುದು. ಈ ಕಸುಬಿಗೆ ತತಾರ ಎಂದು ಹೆಸರು. ಜಪಾನಿನ ಹೆಸರಾಂತ ಕತ್ತಿಗಳ ಉಕ್ಕು ಹುಟ್ಟಿದ್ದು ಹೀಗೆ. ಪಾಶ್ಚಾತ್ಯ ರೀತಿಯ ದೊಡ್ಡ ಕುಲುಮೆಗಳ ಅಗ್ಗದ ಕಬ್ಬಿಣ ಬಂದ ಮೇಲೆ ಈ ಬೆಟ್ಟದ ಕುಲುಮೆಗಳು ಒಂದೊಂದಾಗಿ ಆರಿದವು. ಕಬ್ಬಿಣದಿಂದಲೇ ದೊಡ್ಡವರಾದ ಇತೊಹಾರ ಎಂಬ ಮನೆತನದವರು ಆಗ ಸುಮ್ಮನೆ ಕೂರಲಿಲ್ಲ. ಹಿನೊಕಾಮಿ ರೈಲ್ವೆಯನ್ನು ಕಟ್ಟುವುದರಲ್ಲಿ ಮುಂದಾಗಿ ನಿಂತವರು ಅವರೇ. ಉರಿಸಲು ಕುಲುಮೆ ಇಲ್ಲದಿದ್ದರೇನು, ಇದ್ದಿಲಿಗೆ ಪಟ್ಟಣಗಳಲ್ಲಿ ಗಿರಾಕಿ ಇದ್ದರು. ಇದ್ದಿಲು, ನಾಟಾ, ಅಕ್ಕಿ, ಇವೇ ಬಹುಕಾಲ ಆ ದಾರಿಯ ಸರಕು.

ತತಾರ ಪೂರ್ತಿ ಸತ್ತಿತೆಂದು ತಿಳಿಯಬೇಡಿ. ಕತ್ತಿ ಮಾಡುವವರಿಗೆ ಬೇರೆ ಉಕ್ಕು ಒಗ್ಗದೆಂದು 1977ರಲ್ಲಿ ಯೊಕೊತದ ಬಳಿ ಒಂದು ಕುಲುಮೆಯನ್ನು ಮತ್ತೆ ಹೊತ್ತಿಸಿದರು. ಚಳಿಗಾಲದಲ್ಲಿ ಅದು ಉರಿಯುತ್ತದೆ.

ಕಬ್ಬಿಣವಿದ್ದ ಕಡೆ ಪುರಾಣವೂ ಇರುತ್ತದೆ. ಕ್ರಿ. ಶ. 712ರಲ್ಲಿ ಪೂರೈಸಿದ ಕೊಜಿಕಿ ಎಂಬ ಗ್ರಂಥ ಜಪಾನೀಯರ ಅತ್ಯಂತ ಹಳೆಯ ಪುರಾಣ. ಸುಸಾನೊಓ ಎಂಬ ದೇವತೆ ಸ್ವರ್ಗದಿಂದ ಹೊರದೂಡಲ್ಪಟ್ಟು ಇಳಿದದ್ದು ಈ ಸೀಮೆಯ ಹಿ ಹೊಳೆಯ ತಲೆಯ ಬಳಿ ಎಂದು ಅದರಲ್ಲಿದೆ. ಅಲ್ಲಿ ಎಂಟು ತಲೆ, ಎಂಟು ಬಾಲದ ಒರೋಚಿ ಎಂಬ ಮಹಾಸರ್ಪ ವರ್ಷಕ್ಕೊಬ್ಬಳಂತೆ ಒಂದು ಮನೆಯ ಹೆಣ್ಣುಮಕ್ಕಳನ್ನು ನುಂಗುತ್ತಿತ್ತು. ಸುಸಾನೊಓ ಅದಕ್ಕೆ ಮದ್ಯ ಕುಡಿಸಿ, ಮತ್ತೇರಿ ಮಲಗಿದಾಗ ಕಡಿದು ಹಾಕಿದ. ಬಾಲವನ್ನು ಕಡಿಯುವಾಗ ಒಳಗಿನಿಂದ ಒಂದು ಖಡ್ಗ ದೊರೆಯಿತು. ಮಳೆಗಾಲದಲ್ಲಿ ಕಬ್ಬಿಣದ ಕೆಂಪು ಹೊತ್ತು ಕವಲು ಕವಲಾಗಿ ನುಗ್ಗುವ ಹೊಳೆಯೇ ಆ ಸರ್ಪ, ಅದರ ಹೊಟ್ಟೆಯಲ್ಲಿದ್ದ ಖಡ್ಗವೇ ತತಾರದ ಉಕ್ಕು ಎಂದು ಕೆಲವರು ಅರ್ಥ ಹೇಳುತ್ತಾರೆ. ಹೀಗೆ ಕಥೆಯನ್ನು ಹಿಂಡಿ ಸಂಗತಿ ತೆಗೆಯುವುದರಲ್ಲಿ ನನಗೆ ಅಷ್ಟು ನಂಬಿಕೆಯಿಲ್ಲ. ಆದರೂ ಈ ಅರ್ಥ ಆ ನೆಲಕ್ಕೆ ಹೊಂದುತ್ತದೆ.

ಸರ್ಪದ ಮಾತು ಬಂದದ್ದು ಒಳ್ಳೆಯದೇ ಆಯಿತು. ಕಿಸುಕಿ ದಾರಿಯೂ ಒಂದೆಡೆ ಹಾವಿನಂತೆಯೇ ಬೆಟ್ಟ ಹತ್ತುತ್ತದೆ. ಇಜುಮೊ-ಸಕಾನೆ ಸ್ಟೇಷನ್ನಿನಿಂದ ಮುಂದಿನ ಮಿಇನೊಹಾರಕ್ಕೆ ಸುಮಾರು 160 ಮೀಟರು ಏರಬೇಕು. ಕಬ್ಬಿಣದ ಗಾಲಿ ಕಬ್ಬಿಣದ ಹಳಿಯ ಮೇಲೆ ಹೆಚ್ಚು ಕಡಿದಾದ ಏರನ್ನು ತಾಳುವುದಿಲ್ಲ, ಜಾರುತ್ತದೆ. ಅದಕ್ಕೆ ಎಂಜಿನಿಯರುಗಳು ಒಂದು ಉಪಾಯ ಹೂಡಿದರು. ಸಕಾನೆಗೆ ಬಂದ ಗಾಡಿ ಅಲ್ಲಿ ನಿಂತು, ಬಂದ ದಿಕ್ಕಿಗೇ ಹಿಮ್ಮುಖವಾಗಿ, ಆದರೆ ಬೇರೆ ಹಳಿಯ ಮೇಲೆ ಏರುತ್ತ ಹೊರಡುತ್ತದೆ. ಸ್ವಲ್ಪ ದೂರ ಹೋಗಿ ಕಾಡಿನ ನಡುವೆ ಮತ್ತೆ ನಿಲ್ಲುತ್ತದೆ. ಮತ್ತೆ ದಿಕ್ಕು ತಿರುಗಿಸಿ ಮೂರನೆಯ ಹಳಿಯ ಮೇಲೆ ಮೇಲಕ್ಕೆ ಹೋಗುತ್ತದೆ. ತಿರುವುಗಳೊಡನೆ ಈ ಎರಡು ಸ್ಟೇಷನ್ನುಗಳ ನಡುವಣ ದೂರ 6.4 ಕಿಲೋಮೀಟರು. ಪ್ರತಿ ಸಲ ದಿಕ್ಕು ಬದಲಾದಾಗಲೂ ಡ್ರೈವರನು ತನ್ನ ಸಾಮಾನು ಎತ್ತಿಕೊಂಡು ಗಾಡಿಯ ಈ ತುದಿಯಿಂದ ಆ ತುದಿಗೆ ನಡೆದು ಹೋಗುತ್ತಾನೆ. ಮಿಇನೊಹಾರ 727 ಮೀಟರು ಎತ್ತರದಲ್ಲಿದೆ. ಪಶ್ಚಿಮ ಜಪಾನ್ ರೈಲ್ವೆಯ ಸ್ಟೇಷನ್ನುಗಳಲ್ಲೆಲ್ಲ ಅದೇ ಎತ್ತರದ್ದು. ಅಲ್ಲಿಂದ ಬಿಂಗೊ-ಒಚಿಯಾಯಿಗೆ ಇಳಿಜಾರು.

ದಾರಿ ಕೂಡಿದ ಏಳೆಂಟು ವರ್ಷಕ್ಕೆ ಗೇಬಿ ದಾರಿ ಯಾರೂ ಎಣಿಸದ ಒಂದು ಹೊರೆಯನ್ನು ಹೊತ್ತಿತು. 1945ರ ಆಗಸ್ಟ್ 6ರ ಬೆಳಗ್ಗೆ ಹಿರೋಷಿಮಾದ ಮೇಲೆ ಬಾಂಬು ಬಿದ್ದ ಮೇಲೆ, ಸುಟ್ಟು ಬೆಂದವರನ್ನು ಒಳನಾಡಿನ ಮಿಯೋಶಿ, ಶೋಬಾರ ಮೊದಲಾದ ಊರುಗಳಿಗೆ ಸಾಗಿಸಿದ್ದು ಈ ಹಳಿಗಳ ಮೇಲಿನ ಗಾಡಿಗಳೇ. ಬೆಟ್ಟದ ಊರಿನ ಜನಕ್ಕೆ ಪಟ್ಟಣದ ಗತಿ ತಿಳಿದದ್ದು ಪತ್ರಿಕೆಯಿಂದಲ್ಲ, ಗಾಡಿಯಿಂದ ಇಳಿಸಿಕೊಂಡವರ ಮೈಗಳಿಂದ. ಇದಕ್ಕಿಂತ ಹೆಚ್ಚಾಗಿ ಇಲ್ಲಿ ಬರೆಯುವ ಶಕ್ತಿ ನನಗಿಲ್ಲ.

ಯುದ್ಧ ಮುಗಿದ ನಂತರದ ಎರಡು ಮೂರು ದಶಕ ಬಿಂಗೊ-ಒಚಿಯಾಯಿಯ ಭಾಗ್ಯದ ಕಾಲ. ಕಾಡಿನ ನಡುವಿನ ಆ ಸ್ಟೇಷನ್ನಿನಲ್ಲಿ ನೂರಕ್ಕೂ ಹೆಚ್ಚು ಮಂದಿ ರೈಲ್ವೆ ನೌಕರರಿದ್ದರು. ಎಂಜಿನ್ನಿನ ಷೆಡ್ಡು, ಎಂಜಿನ್ನನ್ನು ನಿಂತಲ್ಲೇ ತಿರುಗಿಸುವ ತಿರುಗುಮೇಜು, ನೀರು ತುಂಬುವವರು, ಕಲ್ಲಿದ್ದಲು ಎತ್ತುವವರು, ಹಿಮ ತೋಡುವವರು. ಕಿಸುಕಿ ದಾರಿಯಲ್ಲಿ ಸಿ-56 ಎಂಬ ಗುಜ್ಜಾದ ಉಗಿಯೆಂಜಿನ್ನು 1974ರವರೆಗೂ ದುಡಿಯಿತು. ನಮ್ಮ ಹಳೆಯ ಪಂಡಿತರು ರೈಲಿಗೆ ಧೂಮಶಕಟ ಎಂದು ಹೆಸರಿಟ್ಟು ನಗೆಗೀಡಾದರಷ್ಟೆ. ಆ ಬೆಟ್ಟ ಹತ್ತುವ ಸಿ-56ನ್ನು ಕಂಡಿದ್ದರೆ ಯಾರೂ ನಗುತ್ತಿರಲಿಲ್ಲವೆಂದು ತೋರುತ್ತದೆ. ಈ ಜಾತಿಯ ಎಂಜಿನ್ನುಗಳನ್ನು ಒಟ್ಟು 160 ಕಟ್ಟಿದರು. ಅವುಗಳಲ್ಲಿ ಮೊದಲ 90ನ್ನು ಯುದ್ಧಕಾಲದಲ್ಲಿ ಗಾಲಿಯ ಅಗಲ ತಗ್ಗಿಸಿ ಥೈಲೆಂಡು, ಬರ್ಮಾ ಕಡೆಗೆ ಹಡಗೇರಿಸಿ ಕಳಿಸಲಾಯಿತು. ಮನೆಯಲ್ಲುಳಿದವುಗಳ ಪಾಲಿಗೆ ಈ ಬೆಟ್ಟ.

ಪ್ಲಾಟ್‌ಫಾರಮ್ಮಿನ ಮೇಲೆ ಒಂದು ಸಣ್ಣ ಅಂಗಡಿಯಿತ್ತು. ಅಲ್ಲಿ ಬಿಸಿ ಸಾರಿನಲ್ಲಿ ಗೋಧಿಯ ದಪ್ಪ ಶ್ಯಾವಿಗೆ, ಅದರ ಮೇಲೆ ಓದೆನ್ ಎಂಬ ಬೇಯಿಸಿದ ತುಂಡುಗಳನ್ನು ಹಾಕಿ ಕೊಡುತ್ತಿದ್ದರು. ಗಾಡಿ ಬದಲಿಸುವವರು ಚಳಿಯಲ್ಲಿ ನಿಂತೇ ಅದನ್ನುಂಡು ಮುಂದಿನ ಗಾಡಿ ಹತ್ತುವರು. ಆ ತಿಂಡಿಯ ಹೆಸರು ಸ್ಟೇಷನ್ನಿನ ಹೆಸರಿನಷ್ಟೇ ದೂರ ಹೋಗಿತ್ತು. ಹಿರೋಷಿಮಾದಿಂದ ಬೆಟ್ಟ ದಾಟಿ ಉತ್ತರದ ಮತ್ಸುಎಗೆ ನೇರವಾಗಿ ಹೋಗುವ ಚಿದೋರಿ ಎಂಬ ಎಕ್ಸ್‌ಪ್ರೆಸ್ಸೂ ಇಲ್ಲಿ ನಿಲ್ಲುತ್ತಿತ್ತು. ಚಿದೋರಿ ಎಂದರೆ ನೀರಿನ ದಡದಲ್ಲಿ ಓಡಾಡುವ ಒಂದು ಸಣ್ಣ ಹಕ್ಕಿ. ಒಂದು ಕಡಲ ದಡದಿಂದ ಇನ್ನೊಂದರ ದಡಕ್ಕೆ ಹೋಗುವ ಗಾಡಿಗೆ ತಕ್ಕ ಹೆಸರು.

ಕಿಸುಕಿ ದಾರಿಯ ಒಂದು ಸ್ಟೇಷನ್ನು ಜಪಾನಿನ ಮನೆಮನೆಗೂ ಗೊತ್ತಾದದ್ದು ಕಾದಂಬರಿಯಿಂದ. ಮತ್ಸುಮೊತೊ ಸೇಚೋ ಎಂಬ ಪ್ರಸಿದ್ಧ ಲೇಖಕನ ಪತ್ತೇದಾರಿ ಕಾದಂಬರಿಯೊಂದು 1960-61ರಲ್ಲಿ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂತು. 1974ರಲ್ಲಿ ಸಿನಿಮಾ ಆಯಿತು. ಅದರಲ್ಲಿ ಕೊಲೆಯಾದವನು ಸಾಯುವ ಮುನ್ನ ಆಡಿದ ಮಾತು ಈಶಾನ್ಯ ಜಪಾನಿನ ಹಳ್ಳಿಮಾತಿನಂತೆ ಕೇಳಿಸಿತ್ತು, 'ಕಾಮೆದ' ಎಂಬ ಶಬ್ದ ಅದರಲ್ಲಿ ಬಂದಿತ್ತು. ಪತ್ತೇದಾರನು ಈಶಾನ್ಯದ ಕಾಮೆದ ಎಂಬ ಊರಿಗೆ ಹೋಗಿ ಬರಿಗೈಯಲ್ಲಿ ಮರಳುತ್ತಾನೆ. ಕೊನೆಗೆ ಭಾಷಾಶಾಸ್ತ್ರ ಬಲ್ಲವರ ಮೊರೆ ಹೋದಾಗ ತಿಳಿಯುವುದೇನು? 'ಸು' 'ಶಿ'ಗಳನ್ನು ಒಂದೇ ಆಗಿ ನುಡಿಯುವ ಆ ರೂಢಿ ಈಶಾನ್ಯದಲ್ಲಿ ಮಾತ್ರವಲ್ಲ, ನೂರಾರು ಮೈಲಿ ಆಚೆ ಪಶ್ಚಿಮದ ಇಜುಮೊ ಬೆಟ್ಟಗಳಲ್ಲೂ ಉಂಟು. ಆ ಬೆಟ್ಟಗಳಲ್ಲಿ ಕಾಮೆದಾಕೆ ಎಂಬ ಊರಿದೆ. ಕಿಸುಕಿ ದಾರಿಯಲ್ಲಿ ಅದರ ಹೆಸರಿನ ಸ್ಟೇಷನ್ನಿದೆ. ಶಕಾರ ಸಕಾರಗಳ ತಪ್ಪನ್ನು ಮೂವತ್ತು ವರ್ಷದಿಂದ ಕೆಂಪು ಶಾಯಿಯಲ್ಲಿ ತಿದ್ದುತ್ತ ಬಂದವನು ನಾನು. ಅದೇ ತಪ್ಪು ಒಬ್ಬ ಮನುಷ್ಯ ಬಾಳಿದ ಊರಿನ ಗುರುತಾಗಿ ಕೊಲೆಗಾರನನ್ನು ಹಿಡಿಸಿತೆಂದು ಓದಿದ ದಿನ ಕೈಯಲ್ಲಿದ್ದ ಪೆನ್ನನ್ನು ಸ್ವಲ್ಪ ಹೊತ್ತು ಕೆಳಗಿಟ್ಟೆ.

ಇಳಿಗಾಲದ ಕಥೆಯನ್ನು ಬೇಗ ಹೇಳಿಬಿಡುತ್ತೇನೆ. ಹರೆಯದವರು ಪಟ್ಟಣಕ್ಕೆ ಹೋದರು. ಇದ್ದಿಲನ್ನು ಕೇಳುವವರಿಲ್ಲವಾದರು. 1983ರಲ್ಲಿ ಬೆಟ್ಟನಾಡಿನ ಉದ್ದಕ್ಕೂ ದೊಡ್ಡ ಮೋಟಾರು ಹೆದ್ದಾರಿ ಪೂರ್ತಿಯಾಗಿ ತೆರೆಯಿತು. ಹಿರೋಷಿಮಾಕ್ಕೆ ಹೋಗಲು ಬಸ್ಸೇ ಬೇಗವೆನಿಸಿತು. ಅಷ್ಟರಲ್ಲಿ ಜಪಾನಿನ ಸರ್ಕಾರಿ ರೈಲ್ವೆ ಸಾಲದಲ್ಲಿ ಮುಳುಗಿ, ನಷ್ಟದ ದಾರಿಗಳನ್ನು ಮುಚ್ಚಲು 1980ರಲ್ಲಿ ಶಾಸನವಾಗಿತ್ತು. ಆಗ ನಮ್ಮ ಎರಡು ದಾರಿಗಳೂ ಹೇಗೆ ಉಳಿದುಕೊಂಡವೆಂಬುದು ಗಮನಿಸತಕ್ಕ ವಿಷಯ. ಗೇಬಿ ದಾರಿಯ ಜನಸಂಖ್ಯೆಯನ್ನು ಒಟ್ಟಾಗಿ ಎಣಿಸಿದ್ದರಿಂದ, ಹಿರೋಷಿಮಾ ಪಟ್ಟಣದ ಅಂಚಿನಲ್ಲಿ ದಿನವೂ ಓಡಾಡುವವರ ಗುಂಪು ಬೆಟ್ಟದ ತುದಿಯ ಬಡವನನ್ನೂ ಕಾಪಾಡಿತು. ಕಿಸುಕಿ ದಾರಿಗೆ ಆ ಆಸರೆಯಿರಲಿಲ್ಲ. ಆದರೆ ಅದನ್ನು ಮುಚ್ಚಿದರೆ ಬಸ್ಸು ಓಡಿಸಲು ತಕ್ಕ ರಸ್ತೆಯೇ ಇರಲಿಲ್ಲ, ಆದ್ದರಿಂದ ಬಿಟ್ಟರು. 1987ರಲ್ಲಿ ರೈಲ್ವೆ ಕಂಪೆನಿಗಳಾಗಿ ಒಡೆದು, ಈ ಸೀಮೆ ಪಶ್ಚಿಮ ಜಪಾನ್ ರೈಲ್ವೆಯ ಪಾಲಾಯಿತು. 1990ರಲ್ಲಿ ಚಿದೋರಿ ಹಾರಿಹೋಯಿತು. 1992ರಲ್ಲಿ, ಸಕಾನೆಯ ಅದೇ ಏರಿನ ಪಕ್ಕದಲ್ಲಿ, ಸುರುಳಿ ಸುತ್ತಿದ ಸೇತುವೆಗಳ ಹೊಸ ರಸ್ತೆ ಬಂತು. ಅದಕ್ಕೆ ಒರೋಚಿ ಎಂದೇ ಹೆಸರು! ರಸ್ತೆಯಿಲ್ಲವೆಂಬ ಕಾರಣದಿಂದ ಬದುಕಿದ ರೈಲು ಈಗ ಆ ರಸ್ತೆಯನ್ನು ಕಿಟಕಿಯಿಂದ ನೋಡುತ್ತ ಏರಬೇಕು. 1997ರಲ್ಲಿ ಬಿಂಗೊ-ಒಚಿಯಾಯಿಯ ಕೊನೆಯ ನೌಕರನೂ ಹೋದ, ಸ್ಟೇಷನ್ನು ಕಾಯುವವರಿಲ್ಲದಂತಾಯಿತು.

ಎಣಿಕೆ ಈಗ ತುಂಡು ತುಂಡಾಗಿ ನಡೆಯುತ್ತಿದೆ. ಒಚಿಯಾಯಿಯಿಂದ ಪೂರ್ವಕ್ಕೆ ತೋಜೋವರೆಗಿನ ತುಂಡನ್ನು ಬೇರೆಯಾಗಿ ತೂಗಿ ಕಂಪೆನಿ 2022ರಲ್ಲಿ ಲೆಕ್ಕ ಹೊರಡಿಸಿತು. 2017ರಿಂದ 2019ರವರೆಗಿನ ಸರಾಸರಿಯಲ್ಲಿ, 100 ಯೆನ್ ಸಂಪಾದಿಸಲು 25,000 ಯೆನ್ನಿಗೂ ಹೆಚ್ಚು ಖರ್ಚು. 2019ರಲ್ಲಿ ಆ ದಾರಿಯ ಯಾವುದೇ ಜಾಗದಲ್ಲಿ ನಿಂತು ಎಣಿಸಿದರೂ ದಿನಕ್ಕೆ ಹಾದು ಹೋಗುವವರು ಸರಾಸರಿ 11 ಮಂದಿ. ಈ ಅಂಕಿಯ ಮುಂದೆ ವಾದ ಹೂಡುವುದು ಕಷ್ಟ. ಆದರೆ ಇನ್ನೊಂದು ಅಂಕಿಯನ್ನೂ ನೋಡಬೇಕು. ಆ ತುಂಡಿನಲ್ಲಿ ಗಾಡಿ ದಿನಕ್ಕೆ ಮೂರು ಸಲ ಹೋಗಿ ಬರುತ್ತದೆ. ಪೂರ್ವಕ್ಕೆ ಹೊರಡುವುದು ಬೆಳಗ್ಗೆ ಒಂದು, ಮಧ್ಯಾಹ್ನ ಒಂದು, ರಾತ್ರಿ ಒಂದು. ಬಂಡೆ ಉರುಳುವ ಭಯದಿಂದ ಅಲ್ಲಲ್ಲಿ ಗಂಟೆಗೆ 25 ಕಿಲೋಮೀಟರಿಗಿಂತ ವೇಗ ಸಲ್ಲದು. ಶಾಲೆಯ ಗಂಟೆಗೂ ಆಸ್ಪತ್ರೆಯ ಹೊತ್ತಿಗೂ ಹೊಂದದ ಗಾಡಿಯನ್ನು ಯಾರು ಹತ್ತುತ್ತಾರೆ? ಹತ್ತುವವರಿಲ್ಲವೆಂದು ಗಾಡಿ ಕಡಿಮೆ ಮಾಡುವುದು, ಗಾಡಿ ಕಡಿಮೆಯೆಂದು ಹತ್ತದಿರುವುದು. ಹುಡುಗ ಪಾಠಕ್ಕೆ ಬಾರದೆ ಫೇಲಾಗುವುದನ್ನೂ, ಫೇಲಾದೆನೆಂದು ಮತ್ತೆ ಪಾಠಕ್ಕೆ ಬಾರದಿರುವುದನ್ನೂ ಕಂಡವನು ನಾನು. ಈ ಚಕ್ರ ನನಗೆ ಹೊಸದಲ್ಲ. ಹಾಗೆಂದು ಕಂಪೆನಿಯನ್ನು ಬರಿದೆ ಬಯ್ಯಲಾರೆ. ಹಳಿ, ಸುರಂಗ, ಸೇತುವೆಗಳ ಖರ್ಚು ಹನ್ನೊಂದು ಮಂದಿಗೂ ಅಷ್ಟೆ, ಹನ್ನೊಂದು ಸಾವಿರ ಮಂದಿಗೂ ಹೆಚ್ಚು ಕಡಿಮೆ ಅಷ್ಟೆ.

2023ರಲ್ಲಿ ಜಪಾನಿನಲ್ಲಿ ಕಾಯಿದೆ ತಿದ್ದುಪಡಿಯಾಯಿತು. ಇಂಥ ದಾರಿಗಳ ಗತಿಯನ್ನು ಕಂಪೆನಿ, ಊರಿನ ಆಡಳಿತ, ಸರ್ಕಾರ ಮೂವರೂ ಒಂದೇ ಮೇಜಿನ ಸುತ್ತ ಕುಳಿತು ತೀರ್ಮಾನಿಸಬೇಕು. ಇಡೀ ದೇಶದಲ್ಲಿ ಮೊದಲು ಕರೆದ ಸಭೆ ಈ ಗೇಬಿ ದಾರಿಯದೇ. ಬಿಚ್ಚೂ-ಕೋಜಿರೋದಿಂದ ಬಿಂಗೊ-ಶೋಬಾರದವರೆಗಿನ 68.5 ಕಿಲೋಮೀಟರಿನ ವಿಷಯವಾಗಿ 2024ರ ಮಾರ್ಚಿನಲ್ಲಿ ಹಿರೋಷಿಮಾದಲ್ಲಿ ಅದು ಸೇರಿತು. ರೈಲಿನ ಗುಣ ಒಟ್ಟಿಗೆ ಬಹಳ ಜನರನ್ನು ಒಯ್ಯುವುದು, ಇಲ್ಲಿ ಆ ಗುಣಕ್ಕೆ ಕೆಲಸವಿಲ್ಲ ಎಂದು ಕಂಪೆನಿಯ ವಾದ. ರೈಲುದಾರಿಯೆಂಬುದು ಬಲೆ, ಒಂದು ಕಣ್ಣು ಹರಿದರೆ ಅಕ್ಕಪಕ್ಕದ್ದೂ ಸಡಿಲವಾಗುತ್ತದೆ ಎಂದು ಊರುಗಳ ಮಾತು. ಒಚಿಯಾಯಿಗೆ ಸಂಬಂಧಪಟ್ಟಂತೆ ಎರಡನೆಯ ಮಾತು ಅಕ್ಷರಶಃ ನಿಜ. ಅತ್ತ ಗೇಬಿ ದಾರಿ ಹೋದರೆ ಕಿಸುಕಿ ದಾರಿಗೆ ಕೂಡಲು ಏನೂ ಉಳಿಯದು. ಕಿಸುಕಿಯ ಕಡೆಯೂ ಸ್ಥಿತಿ ಗಟ್ಟಿಯಿಲ್ಲ. 1998ರಿಂದ ಪ್ರವಾಸಿಗರನ್ನು ಬೆಟ್ಟ ಹತ್ತಿಸುತ್ತಿದ್ದ ಒರೋಚಿ ಎಂಬ ತೆರೆದ ಗಾಡಿಯನ್ನು ಹಳತಾಯಿತೆಂದು 2023ರ ನವೆಂಬರಿನಲ್ಲಿ ನಿಲ್ಲಿಸಿದರು. ಯೊಕೊತದಿಂದ ಒಚಿಯಾಯಿವರೆಗಿನ ತುಂಡಿನ ವಿಷಯ ಮಾತಾಡಬೇಕೆಂದು ಕಂಪೆನಿ 2024ರಲ್ಲಿ ಕೇಳಿತು.

ನಾನು ಈ ಸ್ಟೇಷನ್ನಿನಲ್ಲಿ ಇಳಿದವನಲ್ಲ. ನನ್ನ ಪ್ರಯಾಣವೆಲ್ಲ ವೇಳಾಪಟ್ಟಿಯ ಪುಟಗಳ ಮೇಲೆ. ಆ ಪುಟಗಳಲ್ಲಿ ಒಂದು ಸೊಗಸಿದೆ. ಬಿಂಗೊ-ಒಚಿಯಾಯಿಯನ್ನು ದಾಟಿ ಹೋಗುವ ಗಾಡಿ ಒಂದೂ ಇಲ್ಲ. ಪಶ್ಚಿಮದ ಮಿಯೋಶಿಯಿಂದ ಬಂದದ್ದು ಇಲ್ಲೇ ನಿಲ್ಲುತ್ತದೆ, ಪೂರ್ವದ ನೀಮಿಯಿಂದ ಬಂದದ್ದೂ, ಉತ್ತರದಿಂದ ಬಂದದ್ದೂ ಇಲ್ಲೇ. ದಿನದ ಬಹುಪಾಲು ಪ್ಲಾಟ್‌ಫಾರಮ್ಮು ಬರಿದು. ತಿರುಗುಮೇಜಿನ ಕುಳಿಯಲ್ಲಿ ಹುಲ್ಲು. ಕೊಠಡಿಯ ಗೋಡೆಯ ಮೇಲೆ ಹಿಂದೆ ಇಲ್ಲೇ ದುಡಿದ ರೈಲ್ವೆಯವರು ತಂದು ಅಂಟಿಸಿದ ಹಳೆಯ ಉಗಿಯೆಂಜಿನ್ನುಗಳ ಪಟಗಳು. ಆದರೆ ಇತ್ತೀಚಿನ ವರ್ಷಗಳ ವೇಳಾಪಟ್ಟಿಯಲ್ಲಿ ಮಧ್ಯಾಹ್ನ ಎರಡೂವರೆಯ ಸುಮಾರಿಗೆ ದಿನಕ್ಕೊಂದೇ ಸಲ, ಮೂರು ದಿಕ್ಕಿನಿಂದ ಮೂರು ಗಾಡಿಗಳು, ಒಂದೊಂದೇ ಡಬ್ಬಿಯವು, ಕೆಲವು ನಿಮಿಷದ ಅಂತರದಲ್ಲಿ ಬಂದು ಸಾಲಾಗಿ ನಿಲ್ಲುತ್ತವೆ. ಕಿಸುಕಿಯದು ಒಂದನೆಯ ಪ್ಲಾಟ್‌ಫಾರಮ್ಮಿನಲ್ಲಿ, ಗೇಬಿಯವು ಎರಡು ಮೂರರಲ್ಲಿ. ಒಬ್ಬೊಬ್ಬನೇ ಡ್ರೈವರು, ಗಾರ್ಡಿಲ್ಲ. ಇಳಿದವರು ಹಳಿ ದಾಟಿ ತಮ್ಮ ಮುಂದಿನ ಗಾಡಿ ಹತ್ತುತ್ತಾರೆ, ಕೆಲವರು ಪಟ ತೆಗೆಯುತ್ತಾರೆ. ಡ್ರೈವರುಗಳು ಈ ತುದಿಯಿಂದ ಆ ತುದಿಗೆ ನಡೆದು, ಹತ್ತುವವರು ಇನ್ನೂ ಇದ್ದಾರೆಯೆ ಎಂದು ಒಮ್ಮೆ ಹೊರಗೆ ನೋಡಿ, ಬಾಗಿಲು ಮುಚ್ಚುತ್ತಾರೆ. ಒಂದು ಪಶ್ಚಿಮಕ್ಕೆ, ಒಂದು ಪೂರ್ವಕ್ಕೆ, ಒಂದು ಉತ್ತರದ ಏರಿನ ಕಡೆಗೆ. ಪೂರ್ವಕ್ಕೆ ಹೋಗುವುದು ತಪ್ಪಿದರೆ ಇನ್ನು ರಾತ್ರಿಗೇ.